ಬೀಗ, ಗಾಜು, ಶೀಟು: ಒಂದು ಅಪಾರ್ಟ್‌ಮೆಂಟಿನಲ್ಲಿ ಹೊರಗೆ ಹೋಗುವ ದಾರಿ ಮುಚ್ಚಿಹೋದ ಪ್ರಕರಣ

ರಾತ್ರಿ ಎರಡು ಗಂಟೆಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ. ಹಾಗಾಗಿ ಅದು ಸುದ್ದಿಯೂ ಆಗಲಿಲ್ಲ. ಆದರೂ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಅಲ್ಲಿ ಕಂಡ ಒಂದೊಂದು ಲೋಪವನ್ನೂ ನಾನು ಬೇರೆ ಬೇರೆ ಕಟ್ಟಡಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಅವೆಲ್ಲ ಒಂದೇ ರಾತ್ರಿ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಇಲ್ಲೇ ನೋಡಿದ್ದು.

ಕಟ್ಟಡಗಳ ಸುರಕ್ಷತೆ ಪರಿಶೀಲಿಸುವುದು ನನ್ನ ಕೆಲಸ. ಬೆಂಕಿಯ ನಂತರ ಅಲ್ಲಿನ ನಿವಾಸಿಗಳ ಸಂಘ ನನ್ನನ್ನು ಕರೆಸಿತು. ಕಟ್ಟಡ ಯಾವುದು, ಎಲ್ಲಿದೆ ಅನ್ನುವುದನ್ನು ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಮಹಡಿಗಳನ್ನು ಅದಲುಬದಲು ಮಾಡಿದ್ದೇನೆ.

ಹಿನ್ನೆಲೆ

ನೆಲಮಟ್ಟದಲ್ಲಿ ಪಾರ್ಕಿಂಗ್, ಅದರ ಮೇಲೆ 9 ಮಹಡಿ. ಮಹಡಿಗೆ 4 ಮನೆ, ಒಟ್ಟು 36. ಕಟ್ಟಡಕ್ಕೆ 14 ವರ್ಷ. ಮಂಜೂರಾದ ಪ್ಲ್ಯಾನ್ ತರಿಸಿ ನೋಡಿದೆ. ಒಳ್ಳೆಯ ಪ್ಲ್ಯಾನ್. ಪ್ರತಿ ಮನೆಗೂ ಒಂದು ತೆರೆದ ಬಾಲ್ಕನಿ. ಕಾರಿಡಾರಿನ ಎರಡು ತುದಿಗೆ ಎರಡು ಮೆಟ್ಟಿಲು. ಒಂದು ಲಿಫ್ಟ್ ಪಕ್ಕದಲ್ಲಿ, ಇನ್ನೊಂದು ಹಿಂಬದಿಯಲ್ಲಿ. ಕಟ್ಟಡದ ಸುತ್ತ 6 ಮೀಟರ್ ಖಾಲಿ ಜಾಗ. ಅಲ್ಲಿ ಏನನ್ನೂ ಕಟ್ಟಬಾರದು ಅಂತ ಪ್ಲ್ಯಾನಿನಲ್ಲೇ ಬರೆದಿತ್ತು.

ಈ ಮೂರನ್ನೂ ಜನ ಬೇರೆ ಬೇರೆ ನಿಯಮ ಅಂದುಕೊಳ್ಳುತ್ತಾರೆ. ಬಾಲ್ಕನಿ ಗಾಳಿ ಬೆಳಕಿಗೆ, ಮೆಟ್ಟಿಲು ಲಿಫ್ಟ್ ಕೆಟ್ಟಾಗ ಬೇಕು, ಸುತ್ತಲಿನ ಜಾಗ ಪಕ್ಕದವರ ಜೊತೆ ತಕರಾರು ಬರದಿರಲಿ ಅಂತ. ನಿಜವಾಗಿ ಮೂರೂ ಸೇರಿ ಒಂದೇ ದಾರಿ. ಮನೆಯ ಬಾಗಿಲಿಂದ ಮೆಟ್ಟಿಲಿನವರೆಗೆ ಒಂದು ತುಂಡು. ಮೆಟ್ಟಿಲು ಎರಡನೇ ತುಂಡು. ಮೆಟ್ಟಿಲಿನ ಬುಡದಿಂದ ಬಯಲಿನವರೆಗೆ ಮೂರನೇ ತುಂಡು. ಯಾವ ಒಂದು ತುಂಡು ಕಡಿದರೂ ಉಳಿದೆರಡು ಕೆಲಸಕ್ಕೆ ಬರುವುದಿಲ್ಲ. ಕಾರಿಡಾರಿನಲ್ಲಿ ಹೊಗೆ ತುಂಬಿ ಮೊದಲ ತುಂಡೇ ಹೋಯಿತು ಅಂದುಕೊಳ್ಳಿ. ಆಗ ಮನೆಯೊಳಗಿನವರಿಗೆ ಉಳಿಯುವುದು ಬಾಲ್ಕನಿ ಒಂದೇ. ಒಳಗಿನ ಬಾಗಿಲು ಮುಚ್ಚಿಕೊಂಡು ಅಲ್ಲಿ ನಿಂತರೆ ಉಸಿರಾಡಬಹುದು. ಕೆಳಗಿನವರಿಗೆ ಕಾಣಿಸಬಹುದು. ಏಣಿ ಬರುವ ತನಕ ಕಾಯಬಹುದು.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ ಎತ್ತರದ ಕಟ್ಟಡಗಳಲ್ಲಿ ಜನ ಆಶ್ರಯ ಪಡೆಯಲು ಪ್ರತ್ಯೇಕ ಜಾಗ ಕೇಳಿತ್ತು. ಬಾಲ್ಕನಿ ಇರುವ ಫ್ಲ್ಯಾಟ್‌ಗಳಿಗೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟಿತ್ತು. ಅಂದರೆ ಬಾಲ್ಕನಿಯನ್ನೇ ಆಶ್ರಯದ ಜಾಗ ಅಂತ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಜಪಾನಿನ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಎರಡು ಬಾಲ್ಕನಿಗಳ ನಡುವೆ ತೆಳುವಾದ ಹಲಗೆ ಇರುತ್ತದೆ. ತುರ್ತು ಸಂದರ್ಭದಲ್ಲಿ ಇದನ್ನು ಒಡೆದು ಪಕ್ಕದ ಮನೆಗೆ ಹೋಗಿ ಅಂತ ಅದರ ಮೇಲೆಯೇ ಬರೆದಿರುತ್ತಾರೆ. ಕೆಲವು ಬಾಲ್ಕನಿಗಳ ನೆಲದಲ್ಲಿ ಮುಚ್ಚಳ ಇರುತ್ತದೆ. ತೆಗೆದರೆ ಕೆಳಗಿನ ಬಾಲ್ಕನಿಗೆ ಏಣಿ ಇಳಿಯುತ್ತದೆ.

ಈಗ ನಮ್ಮ ಕಟ್ಟಡಕ್ಕೆ ಬರೋಣ. 36 ಬಾಲ್ಕನಿಗಳಲ್ಲಿ 27 ಪೂರ್ತಿ ಮುಚ್ಚಿದ್ದವು. ಹೊರಗೆ ಕಬ್ಬಿಣದ ಗ್ರಿಲ್, ಒಳಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಗಾಜು. ಹಿಂದಿನ ಮೆಟ್ಟಿಲಿನ ಕೆಳಗಿನ ಬಾಗಿಲಿಗೆ ಬೀಗ. 6 ಮೀಟರ್ ಜಾಗದ ಒಂದು ಬದಿಗೆ ಉದ್ದಕ್ಕೂ ಕಾರುಗಳಿಗೆ ಶೀಟಿನ ಶೆಡ್. ಉಳಿದ ದಾರಿ 3 ಮೀಟರ್ ಚಿಲ್ಲರೆ.

ಇದ್ಯಾವುದೂ ಒಂದೇ ದಿನ ಆಗಿದ್ದಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದೂ ಅಲ್ಲ. ಮೊದಲು ಬಾಲ್ಕನಿ ಮುಚ್ಚಿಸಿದ್ದು ಐದನೇ ಮಹಡಿಯ ಒಬ್ಬ ತಂದೆ. ಅವರ ಎರಡು ವರ್ಷದ ಮಗ ಒಂದು ಸಂಜೆ ಸ್ಟೂಲ್ ಎಳೆದುಕೊಂಡು ಹೋಗಿ ಬಾಲ್ಕನಿಯ ಕಂಬಿಗೆ ಆನಿಸಿ ಹತ್ತಿದ್ದ. ತಾಯಿ ಓಡಿಹೋಗಿ ಅಂಗಿ ಹಿಡಿದು ಎಳೆದರು. ಮರುದಿನವೇ ವೆಲ್ಡರ್ ಬಂದ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಆಮೇಲೆ ಮಳೆ ನೀರಿನ ಎರಚಲು, ಧೂಳು, ಪಾರಿವಾಳ. ಗಾಜು ಬಂದ ಮೇಲೆ ಬಾಲ್ಕನಿ ಒಂದು ಚಿಕ್ಕ ಕೋಣೆಯಾಯಿತು. ಕೋಣೆ ಅಂದ ಮೇಲೆ ಸಾಮಾನು ಬರುತ್ತದೆ ಅಲ್ವಾ? ವಾಷಿಂಗ್ ಮಷಿನ್, ಹಳೆ ಹಾಸಿಗೆ, ರಟ್ಟಿನ ಡಬ್ಬ. ಹಿಂದಿನ ಬಾಗಿಲಿಗೆ ಬೀಗ ಬಿದ್ದದ್ದು ಎರಡು ಸೈಕಲ್ ಕಳುವಾದ ಮೇಲೆ. ಶೆಡ್ ಬಂದದ್ದು ಬಿಸಿಲಿಗೆ ಕಾರಿನ ಬಣ್ಣ ಹೋಗುತ್ತದೆ ಅಂತ.

ಆ ರಾತ್ರಿ

ಮೂರನೇ ಮಹಡಿಯ ಮುಚ್ಚಿದ ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್ನಿನ ಎಕ್ಸ್‌ಟೆನ್ಶನ್ ಬೋರ್ಡ್ ಸುಟ್ಟಿತು. ಪಕ್ಕದಲ್ಲಿ ಫೋಮ್ ಹಾಸಿಗೆ ಸುತ್ತಿ ನಿಲ್ಲಿಸಿದ್ದರು. ಅದು ಹೊತ್ತಿಕೊಂಡಿತು. ಶಾಖಕ್ಕೆ ಗಾಜು ಒಡೆಯಿತು. ಜ್ವಾಲೆ ಹೊರಗೆ ಬಾಗಿ ಮೇಲಿನ ಮನೆಯ ಗಾಜಿಗೆ ತಾಗಿತು. ಅದೂ ಒಡೆದು ಅಲ್ಲಿನ ಪರದೆ ಹತ್ತಿತು. ತೆರೆದ, ಖಾಲಿ ಬಾಲ್ಕನಿ ಇದ್ದಿದ್ದರೆ ಮುಂದಕ್ಕೆ ಚಾಚಿದ ಸ್ಲ್ಯಾಬ್ ಜ್ವಾಲೆಯನ್ನು ಗೋಡೆಯಿಂದ ದೂರ ತಳ್ಳುತ್ತದೆ. ಸ್ಲ್ಯಾಬಿನ ಅಂಚಿಗೇ ಗಾಜು ಕೂರಿಸಿದಾಗ ಆ ಉಪಯೋಗ ಹೋಗುತ್ತದೆ. ಮೇಲಿನ ಮನೆಯ ಸಾಮಾನು ಜ್ವಾಲೆಯ ಹತ್ತಿರಕ್ಕೇ ಬಂದು ನಿಂತ ಹಾಗೆ.

ಮೂರನೇ ಮಹಡಿಯವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಮುಂಬಾಗಿಲು ತೆರೆದೇ ಉಳಿಯಿತು. ಹೊಗೆ ಕಾರಿಡಾರಿಗೆ ಬಂತು. ಲಿಫ್ಟ್ ಪಕ್ಕದ ಮೆಟ್ಟಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇತ್ತು. ಆದರೆ ಅದಕ್ಕೆ ಹೂವಿನ ಕುಂಡ ಒತ್ತಿಟ್ಟು ಯಾವಾಗಲೂ ತೆರೆದಿಡುತ್ತಿದ್ದರು. ಆ ಬಾಗಿಲಿಂದ ಹೊಗೆ ಮೆಟ್ಟಿಲಿಗೆ ನುಗ್ಗಿತು. ಬಿಸಿ ಹೊಗೆಗೆ ಮೆಟ್ಟಿಲಿನ ಗೂಡು ಚಿಮಣಿ ಇದ್ದ ಹಾಗೆ. ಕೆಲವೇ ನಿಮಿಷದಲ್ಲಿ ಒಂಬತ್ತನೇ ಮಹಡಿಯ ತನಕ ತುಂಬಿತು.

ಐದು ಮತ್ತು ಆರನೇ ಮಹಡಿಯ 11 ಜನ ಹಿಂದಿನ ಮೆಟ್ಟಿಲು ಇಳಿದರು. ಸರಿಯಾದ ತೀರ್ಮಾನವೇ. ಕೆಳಗೆ ಬಂದಾಗ ಬಾಗಿಲಿಗೆ ಬೀಗ. ಕೀ ಇದ್ದದ್ದು ವಾಚ್‌ಮನ್ ಹತ್ತಿರ. ವಾಚ್‌ಮನ್ ಇದ್ದದ್ದು ಮುಂದಿನ ಗೇಟಿನಲ್ಲಿ, ಅಗ್ನಿಶಾಮಕ ವಾಹನಕ್ಕೆ ದಾರಿ ತೋರಿಸಲು. ಒಬ್ಬರು ಬಾಗಿಲು ಬಡಿಯುತ್ತಾ “ಅಣ್ಣಾ, ಬೀಗ ತೆಗೀರಿ” ಅಂತ ಕೂಗುತ್ತಿದ್ದರಂತೆ. ವಾಚ್‌ಮನ್‌ಗೆ ಕೇಳಿಸಿ ಓಡಿಬರಲು ನಾಲ್ಕೈದು ನಿಮಿಷ ಆಯಿತು. ಆ ಮೆಟ್ಟಿಲಿನ ಬಾಗಿಲುಗಳು ಮುಚ್ಚಿದ್ದವು, ಒಳಗೆ ಹೊಗೆ ಬಂದಿರಲಿಲ್ಲ. ಹಾಗಾಗಿ ಆ 11 ಜನ ಉಳಿದರು.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 146 ಜನ ಸತ್ತರು. ಅಲ್ಲೂ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಇತ್ತು. ಅಲ್ಲೂ ಕಾರಣ ಕಳ್ಳತನದ ಭಯ. ಹೊರಗೆ ಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು ಅನ್ನುವ ನಿಯಮದ ಹಿಂದೆ ಇಂಥ ಸಾವುಗಳಿವೆ.

ಏಳನೇ ಮಹಡಿಯಲ್ಲಿ ವಯಸ್ಸಾದ ದಂಪತಿ. ಅಜ್ಜಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಮುಂಬಾಗಿಲು ತೆರೆದರೆ ಕಪ್ಪು ಹೊಗೆ. ಬಾಗಿಲು ಮುಚ್ಚಿ ಬಾಲ್ಕನಿಗೆ ಬಂದರು. ಗಾಜು ಒಂದು ಬದಿಗೆ ಸರಿಯುತ್ತದೆ, ಅರ್ಧ ಮಾತ್ರ. ಅದರಾಚೆ ಗ್ರಿಲ್. ಗ್ರಿಲ್ಲಿನಲ್ಲಿ ಚಿಕ್ಕ ಬಾಗಿಲು, ಅದಕ್ಕೆ ಬೀಗ. ಕೆಳಗಿನಿಂದ ಬಂದ ಹೊಗೆ ಆ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲತೊಡಗಿತು. ಅಜ್ಜಿ ಸರಳುಗಳ ನಡುವೆ ಕೈ ತೂರಿಸಿ ಮೊಬೈಲಿನ ಟಾರ್ಚ್ ಅಲ್ಲಾಡಿಸಿದರು. ಕೆಳಗಿದ್ದವರು ನೋಡಿದರು. ಆದರೆ ಏಣಿಯ ವಾಹನ ಶೆಡ್ಡಿನ ಮೂಲೆಯಲ್ಲೇ ನಿಂತಿತ್ತು. ಮುಂದೆ ಬರಲು ಅಗಲ ಇರಲಿಲ್ಲ.

ಸಿಬ್ಬಂದಿ ಮುಖಕ್ಕೆ ಉಸಿರಾಟದ ಉಪಕರಣ ಹಾಕಿಕೊಂಡು ಒಳಗಿನ ಮೆಟ್ಟಿಲು ಹತ್ತಿ ಹೋದರು. ಇಬ್ಬರನ್ನೂ ಹೊರಗೆ ತರಲು 50 ನಿಮಿಷ ಹಿಡಿಯಿತು. ಅಜ್ಜಿ ಎರಡು ದಿನ ಆಸ್ಪತ್ರೆಯಲ್ಲಿದ್ದರು.

ಮೊದಲ ಎರಡು ಪ್ರಯತ್ನ

ನಾನು ವರದಿ ಕೊಟ್ಟೆ. ಪ್ಲ್ಯಾನಿನಲ್ಲಿ ಇರುವುದು ಇದು, ಈಗ ಇರುವುದು ಇದು, ಎಲ್ಲವನ್ನೂ ಮೊದಲಿನಂತೆ ಮಾಡಿ. ಸಂಘ ಅದನ್ನೇ ನೋಟಿಸ್ ಮಾಡಿ 27 ಮನೆಗೆ ಕಳಿಸಿತು. 15 ದಿನ ಗಡುವು. ಇಬ್ಬರು ಮಾತ್ರ ತೆಗೆಸಿದರು. ಐದನೇ ಮಹಡಿಯ ಆ ತಂದೆ ಒಂದು ಪತ್ರ ಬರೆದರು. ಅದರ ಒಂದು ಸಾಲು ನನಗೆ ಇನ್ನೂ ನೆನಪಿದೆ: “ನಾಳೆ ನನ್ನ ಮಗು ಬಿದ್ದರೆ ನೋಟಿಸಿಗೆ ಸಹಿ ಮಾಡಿದವರು ಬರುತ್ತೀರಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ನೋಟಿಸಿನಲ್ಲಿ ಬೆಂಕಿಯ ಬಗ್ಗೆ ಉತ್ತರ ಇತ್ತು. ಅವರು ಯಾವ ಅಪಾಯಕ್ಕೆ ಹೆದರಿ ಗ್ರಿಲ್ ಹಾಕಿದ್ದರೋ ಅದಕ್ಕೆ ಉತ್ತರ ಇರಲಿಲ್ಲ. ತಪ್ಪು ನನ್ನ ವರದಿಯದ್ದೇ.

ಎರಡನೇ ಸಲ ಸಂಘ ಗಟ್ಟಿಯಾಗಿ ನಿಂತಿತು. ಸರ್ವ ಸದಸ್ಯರ ಸಭೆ ಕರೆದು, ತೆಗೆಸದಿದ್ದರೆ ಮಂಜೂರಾತಿ ಕೊಟ್ಟ ಕಚೇರಿಗೆ ದೂರು ಕೊಡುತ್ತೇವೆ ಅಂದಿತು. ಸಭೆ ಅರ್ಧ ಗಂಟೆಯಲ್ಲಿ ಮುರಿಯಿತು. ಬಾಲ್ಕನಿಯವರು ಶೆಡ್ಡಿನತ್ತ ಕೈ ತೋರಿಸಿದರು: ಮೊದಲು ಅದನ್ನು ಕೆಡವಿ. ಶೆಡ್ಡಿನವರು ಬಾಲ್ಕನಿಯತ್ತ: ಅಲ್ಲಿಂದ ತಾನೇ ಬೆಂಕಿ ಬಂದದ್ದು? ಯಾರೂ ತಮ್ಮದು ಮಾತ್ರ ಮೊದಲು ಬಿಟ್ಟುಕೊಡಲು ತಯಾರಿರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಆ ನಾಲ್ಕು ತಿಂಗಳಲ್ಲಿ ಹಿಂದಿನ ಬಾಗಿಲಿಗೆ ಬೀಗ ಹಾಗೇ ಇತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಆ ಒಂದು ಬೀಗ ತೆಗೆಯಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ್ದರಿಂದ ಎಲ್ಲವೂ ಒಟ್ಟಿಗೇ ನಿಂತುಹೋಯಿತು.

ಕೀ ಗೊಂಚಲು

ಮೂರನೇ ಸಲ ನಾನು ಕಾಗದ ಬಿಟ್ಟು ಟೇಪು ಮತ್ತು ಸೀಮೆಸುಣ್ಣ ಹಿಡಿದೆ. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಜಾಗದಲ್ಲಿ ಏಣಿಯ ವಾಹನದ ಆಕಾರವನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದೆವು. ಅಗಲ ಸುಮಾರು ಎರಡೂವರೆ ಮೀಟರ್. ನೋಡಿದವರು “ಮೂರು ಮೀಟರ್ ಇದೆಯಲ್ಲ, ಸಾಕಲ್ವಾ?” ಅಂದರು. ಆಗ ವಾಹನದ ಎರಡೂ ಬದಿಗೆ ಚಾಚುವ ಜ್ಯಾಕ್ ಕಾಲುಗಳನ್ನು ಬರೆದೆ. ಆ ಕಾಲುಗಳನ್ನು ಊರದೆ ಏಣಿ ಎತ್ತುವ ಹಾಗಿಲ್ಲ, ವಾಹನವೇ ಮಗುಚುತ್ತದೆ. ಗೆರೆಗಳು ಶೆಡ್ಡಿನ ಒಳಗೆ ಹೋಗಿ ಮೂರು ಕಾರುಗಳ ಕೆಳಗೆ ನಿಂತವು. ಯಾರೂ ಮಾತಾಡಲಿಲ್ಲ. ಆ ಮೂರು ಕಾರುಗಳ ಮಾಲೀಕರೂ ಅಲ್ಲೇ ನಿಂತಿದ್ದರು. 6 ಮೀಟರ್ ಅನ್ನುವುದು ಸುಮ್ನೆ ಬಂದ ಸಂಖ್ಯೆ ಅಲ್ಲ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅದೇ ದಿನ ಸಂಜೆ ಮನೆಮನೆಗೆ ಹೋದೆವು. ಕೇಳಿದ್ದು ಒಂದೇ: ಲೈಟ್ ಆರಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಲಗುವ ಕೋಣೆಯಿಂದ ಬಂದು ಗ್ರಿಲ್ ತೆರೆಯಿರಿ. ಬಾಲ್ಕನಿ ಮುಚ್ಚಿದ್ದ 25 ಮನೆಗಳಲ್ಲಿ 7 ಮನೆ ಒಂದು ನಿಮಿಷದೊಳಗೆ ತೆರೆದವು. 11 ಮನೆಗಳಲ್ಲಿ ಕೀ ಸಿಗಲಿಲ್ಲ, ಅಥವಾ ಬೀಗ ತುಕ್ಕು ಹಿಡಿದಿತ್ತು. ಉಳಿದ 7ರಲ್ಲಿ ತೆರೆಯುವ ಭಾಗವೇ ಇರಲಿಲ್ಲ. ಪೂರ್ತಿ ವೆಲ್ಡಿಂಗ್.

ಏಳನೇ ಮಹಡಿಯ ಅಜ್ಜಿಯ ಮನೆಗೆ ಹೋದಾಗ ಐದನೇ ಮಹಡಿಯ ತಂದೆಯೂ ನಮ್ಮ ಜೊತೆಗಿದ್ದರು. ಅಜ್ಜ ಬೀರುವಿನ ಡ್ರಾಯರ್ ತೆರೆದು ಒಂದು ಗೊಂಚಲು ತೆಗೆದರು. ಅದರಲ್ಲಿ ನೋಡಲು ಒಂದೇ ಥರದ ಮೂರು ಹಿತ್ತಾಳೆ ಕೀ. ಮೊದಲನೆಯದು ಬೀಗದೊಳಗೆ ಹೋಗಲಿಲ್ಲ. ಎರಡನೆಯದು ಹೋಯಿತು, ತಿರುಗಲಿಲ್ಲ. ಕೈ ನಡುಗಿ ಗೊಂಚಲು ಕೆಳಗೆ ಬಿತ್ತು. ಬಗ್ಗಿ ನೆಲ ತಡವಿದರು. ಎತ್ತಿಕೊಂಡ ಮೇಲೆ ಯಾವುದನ್ನು ಹಾಕಿ ನೋಡಿದ್ದೆ ಅನ್ನುವುದೇ ಮರೆತುಹೋಗಿತ್ತು. ಮತ್ತೆ ಮೊದಲನೆಯದನ್ನೇ ಹಾಕಿದರು. ಅಜ್ಜಿ ಹಿಂದಿನಿಂದ “ಅವತ್ತೂ ಹೀಗೇ ಆಯ್ತು” ಅಂದರು, ಅಷ್ಟೇ.

ಐದನೇ ಮಹಡಿಯ ತಂದೆ ಬಾಗಿಲ ಹೊರಗೆ ಬಂದು ನನ್ನನ್ನು ನಿಲ್ಲಿಸಿದರು. “ಸರ್, ಮಗು ಬೀಳಬಾರದು, ಇವರು ಸಿಕ್ಕಿಹಾಕಿಕೊಳ್ಳಬಾರದು. ಎರಡೂ ಆಗುವ ಗ್ರಿಲ್ ಇದೆಯಾ?” ಈ ಪ್ರಕರಣದ ತಿರುವು ಇದೇ. ಅಲ್ಲಿಯವರೆಗೆ ಮುಚ್ಚಬೇಕೋ ತೆಗೆಯಬೇಕೋ ಅಂತ ಜಗಳವಾಡುತ್ತಿದ್ದೆವು. ಅವರು ಪ್ರಶ್ನೆಯನ್ನೇ ಬದಲಿಸಿದರು.

ಒಂದು ಕಣ ತೆರೆದಿಡುವುದು

ನನಗೆ ನೆನಪಾದದ್ದು ದಕ್ಷಿಣ ಕೊರಿಯಾ. ಅಲ್ಲಿ ಬಾಲ್ಕನಿಯನ್ನು ಕೋಣೆಗೆ ಸೇರಿಸಿಕೊಳ್ಳುವುದು ಎಷ್ಟು ಹಬ್ಬಿತ್ತು ಅಂದರೆ 2005ರ ಕೊನೆಯಲ್ಲಿ ಸರ್ಕಾರ ಅದಕ್ಕೆ ಅನುಮತಿ ಕೊಟ್ಟಿತು. ಆದರೆ ಬೆಂಕಿಯಿಂದ ರಕ್ಷಣೆ ಇರುವ ಆಶ್ರಯದ ಜಾಗ ಬೇಕು ಅಂತ ಷರತ್ತು ಹಾಕಿತು. ಒಂದು ಮನೆಗೇ ಆದರೆ ಕನಿಷ್ಠ 2 ಚದರ ಮೀಟರ್, ಪಕ್ಕದ ಮನೆಯ ಜೊತೆ ಹಂಚಿಕೊಂಡರೆ 3 ಚದರ ಮೀಟರ್. ಜನರ ಅಗತ್ಯ ಒಪ್ಪಿಕೊಂಡು, ಪ್ರಾಣ ಉಳಿಸುವ ಭಾಗ ಬಿಟ್ಟುಕೊಡದಿರುವ ದಾರಿ ಅದು.

ನಮ್ಮ ಬಾಲ್ಕನಿಗಳ ಮುಂಭಾಗದಲ್ಲಿ ಮೂರು ಕಣ, ಅಂದರೆ ಮೂರು ಭಾಗ, ಇದ್ದವು. ಒಂದು ಕಣದ ಗಾಜನ್ನು ಮೇಲಿನ ತನಕ ಪೂರ್ತಿ ತೆಗೆಯುವುದು ಅಂತ ತೀರ್ಮಾನಿಸಿದೆವು. ಹೊಗೆ ಹೋಗಲು ಆ ಕಣ ಸದಾ ತೆರೆದಿರಬೇಕು. ಅದೇ ಕಣದ ಗ್ರಿಲ್ಲಿನಲ್ಲಿ ಹೊರಕ್ಕೆ ತೆರೆಯುವ ಒಂದು ಕಿಂಡಿ. ಅಳತೆಗೆ ಎರಡು ದೇಶಗಳ ನಿಯಮ ನೋಡಿದೆ. ಬ್ರಿಟನ್ನಿನಲ್ಲಿ ತಪ್ಪಿಸಿಕೊಳ್ಳುವ ಕಿಟಕಿಗೆ ಕನಿಷ್ಠ 0.33 ಚದರ ಮೀಟರ್ ತೆರವು, ಅಗಲ ಎತ್ತರ ಎರಡೂ 450 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಮೆರಿಕದ ಮಾದರಿ ಸಂಹಿತೆ ಸುಮಾರು 0.53 ಚದರ ಮೀಟರ್ ಕೇಳುತ್ತದೆ. ಉಪಕರಣ ಬೆನ್ನಿಗೆ ಕಟ್ಟಿಕೊಂಡ ಸಿಬ್ಬಂದಿ ಒಳಗೆ ಬರಬೇಕಲ್ಲ, ದೊಡ್ಡದನ್ನೇ ಆರಿಸಿದೆವು: 600 ಅಗಲ, 900 ಎತ್ತರ.

ಮಗುವಿನ ಕಡೆಯಿಂದಲೂ ಅಷ್ಟೇ ಯೋಚಿಸಿದೆವು. ನೆಲದಿಂದ 1.1 ಮೀಟರ್ ತನಕ ಕಂಬಿ ಗಟ್ಟಿಯಾಗಿ ಹಾಗೇ ಇರುತ್ತದೆ, ಕಿಂಡಿ ಅದರ ಮೇಲೆ. ಕಂಬಿಗಳ ನಡುವೆ 100 ಮಿಲಿಮೀಟರ್ ಗೋಲ ತೂರಬಾರದು, ಪುಟ್ಟ ಮಕ್ಕಳ ತಲೆ ಸಿಕ್ಕಿಕೊಳ್ಳದ ಅಳತೆ ಅದು. ಅಡ್ಡ ಪಟ್ಟಿ ಇರಬಾರದು. ಅಡ್ಡ ಪಟ್ಟಿ ಅಂದರೆ ಮಗುವಿಗೆ ಏಣಿ. ಚಿಲಕಕ್ಕೆ ಕೀ ಇಲ್ಲ, ಆದರೆ ಎರಡು ಕೆಲಸ: ಮೊದಲು ಮೇಲಕ್ಕೆತ್ತಬೇಕು, ಆಮೇಲೆ ಪಕ್ಕಕ್ಕೆ ಎಳೆಯಬೇಕು. ಮೊದಲ ಚಿಲಕ ಮಾಡಿಸಿ ಅಜ್ಜಿಯ ಮನೆಗೆ ಒಯ್ದೆವು. ಅವರ ಬೆರಳಿಗೆ ಅದು ಬಿಗಿಯಾಯಿತು. ವೆಲ್ಡರ್ ಹಿಡಿಯನ್ನು ಅಂಗೈ ಅಗಲ ಮಾಡಿ ತಂದ. ಎರಡನೇ ಸಲ ಕಣ್ಣು ಮುಚ್ಚಿಕೊಂಡೇ ತೆರೆದರು.

ಇಲ್ಲಿ ಒಂದು ವಿಷಯ ಬಚ್ಚಿಡುವುದಿಲ್ಲ. ಇದಕ್ಕೆ ಸಹಿ ಹಾಕಬೇಕೋ ಬೇಡವೋ ಅಂತ ನಾನು ಒಂದು ವಾರ ಒದ್ದಾಡಿದೆ. ಪ್ಲ್ಯಾನಿನಲ್ಲಿ ಇರುವುದು ತೆರೆದ ಬಾಲ್ಕನಿ. ಮೂರರಲ್ಲಿ ಒಂದು ಕಣ ತೆರೆದರೂ ಉಳಿದೆರಡು ಪ್ಲ್ಯಾನಿಗೆ ವಿರುದ್ಧವೇ. ಕೊನೆಗೆ ವರದಿಯ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆದೆ: ಇದು ಅಪಾಯ ಕಡಿಮೆ ಮಾಡುವ ಕೆಲಸ. ಇದರಿಂದ ಬಾಲ್ಕನಿ ಸಕ್ರಮ ಆಗುವುದಿಲ್ಲ. ಮಂಜೂರಾತಿ ಕೊಟ್ಟವರು ಬಂದು ಪೂರ್ತಿ ತೆಗೆಯಿರಿ ಅಂದರೆ ತೆಗೆಯಬೇಕು. ಪ್ರತಿ ಮನೆಯವರ ಹತ್ತಿರ ಅದಕ್ಕೆ ಸಹಿ ಪಡೆದೆವು. ನಾನು ಮಾಡಿದ್ದನ್ನು ಎಲ್ಲರೂ ಒಪ್ಪಬೇಕಿಲ್ಲ. ನನ್ನ ಕಣ್ಣ ಮುಂದೆ ಇದ್ದ ಆಯ್ಕೆ ಮಾತ್ರ ಇಷ್ಟು: 25 ಮನೆ ಪೂರ್ತಿ ಮುಚ್ಚಿಯೇ ಇರಲಿ ಅಂತ ಬಿಡುವುದು, ಅಥವಾ ಇದು.

ನಾವು ರಾಜಿ ಮಾಡಿಕೊಳ್ಳದೆ ಪೂರ್ತಿ ತೆಗೆಸಿದ ನಾಲ್ಕು ಬಾಲ್ಕನಿಗಳಿವೆ. ಗಾಜು ಬಿಚ್ಚುವಾಗ ಗೋಡೆ ಸೇರುವ ಜಾಗದಲ್ಲಿ ನೆಲದ ಮೇಲ್ಭಾಗಕ್ಕೆ ಉದ್ದ ಬಿರುಕು ಕಂಡಿತು. ಬಾಲ್ಕನಿ ಒಂದೇ ಬದಿಗೆ ಆಧಾರ ಇರುವ ಸ್ಲ್ಯಾಬ್. ಅದನ್ನು ಹಿಡಿದಿಡುವ ಕಬ್ಬಿಣ ಮೇಲ್ಭಾಗದಲ್ಲಿರುತ್ತದೆ. ಅಲ್ಲಿ ಬಿರುಕು ಬಿಟ್ಟು ನೀರು ಇಳಿದರೆ ತುಕ್ಕು ನೇರವಾಗಿ ಆ ಕಬ್ಬಿಣಕ್ಕೇ ಹಿಡಿಯುತ್ತದೆ. ಈ ನಾಲ್ಕರಲ್ಲೂ ಅಂಚಿಗೆ ಇಟ್ಟಿಗೆ ಗೋಡೆ ಎತ್ತರಿಸಿ, ಕಲ್ಲು ಹಾಸಿ, ಮಣ್ಣು ತುಂಬಿದ ಕುಂಡ ಸಾಲಾಗಿ ಇಟ್ಟಿದ್ದರು. ತುದಿಯಲ್ಲಿ ಭಾರ ಹಾಕಿದಷ್ಟೂ ಬುಡದಲ್ಲಿ ಎಳೆತ ಜಾಸ್ತಿ. 2015ರ ಜೂನಿನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಒಂದು ಮರದ ಬಾಲ್ಕನಿ ಮುರಿದು ಆರು ಯುವಜನ ಸತ್ತರು. ನೀರು ಇಳಿದು ಒಳಗಿನ ತೊಲೆ ಕೊಳೆತಿತ್ತು, ಹೊರಗಿನಿಂದ ಗೊತ್ತಾಗಿರಲಿಲ್ಲ. ಅದಾದ ಮೇಲೆ ಕ್ಯಾಲಿಫೋರ್ನಿಯಾ ಇಂಥ ಬಾಲ್ಕನಿಗಳ ನಿಯತ ತಪಾಸಣೆಗೆ ಕಾನೂನು ತಂದಿತು. ಬಾಡಿಗೆ ಅಪಾರ್ಟ್‌ಮೆಂಟುಗಳಿಗೆ 6 ವರ್ಷಕ್ಕೊಮ್ಮೆ, ಸ್ವಂತ ಫ್ಲ್ಯಾಟುಗಳ ಸಮುಚ್ಚಯಗಳಿಗೆ 9 ವರ್ಷಕ್ಕೊಮ್ಮೆ. ನಮ್ಮದು ಕಾಂಕ್ರೀಟು, ಆದರೆ ನೀರಿನ ಕಥೆ ಒಂದೇ. ಆ ನಾಲ್ಕು ಮನೆಯವರಿಗೆ ಬಿರುಕಿನೊಳಗೆ ತೆಳುವಾದ ಉಕ್ಕಿನ ಪಟ್ಟಿ ಎಷ್ಟು ಇಳಿಯುತ್ತದೆ ಅಂತ ತೋರಿಸಿದೆ. ಅದೇ ವಾರ ಗಾಜು, ಗೋಡೆ, ಕುಂಡ ಎಲ್ಲ ಇಳಿಸಿದರು. ದುರಸ್ತಿ ಆಗುವ ತನಕ ಕಾಲಿಡಬೇಡಿ ಅಂದೆವು.

ಬಾಗಿಲು ಮತ್ತು ಶೆಡ್

ಹಿಂದಿನ ಬಾಗಿಲಿನ ಕೆಲಸ ಅರ್ಧ ದಿನದ್ದು. ಬೀಗ ಹೋಯಿತು, ಒಳಗಿನಿಂದ ಎದೆಯೊತ್ತಿದರೂ ತೆರೆಯುವ ಅಡ್ಡಪಟ್ಟಿ ಬಂತು. ಹೊರಗಿನಿಂದ ತೆರೆಯುವುದಿಲ್ಲ. ಬಾಗಿಲು ತೆರೆದರೆ ವಾಚ್‌ಮನ್ ಹತ್ತಿರ ಜೋರಾಗಿ ಬಜರ್ ಆಗುತ್ತದೆ. ಕಳ್ಳರ ಭಯಕ್ಕೆ ಅದು ಉತ್ತರ. ಬ್ರಿಟನ್ನಿನಲ್ಲಿ 2017ರ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತರು. 24 ಮಹಡಿಗೆ ಒಂದೇ ಮೆಟ್ಟಿಲು ಇತ್ತು. ಈಗ ಅಲ್ಲಿ 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕು ಅನ್ನುತ್ತಿದ್ದಾರೆ. ನಮ್ಮ ಕಟ್ಟಡಕ್ಕೆ ಕಟ್ಟುವಾಗಲೇ ಎರಡು ಕೊಟ್ಟಿದ್ದರು. ಒಂದು ಬೀಗ ಅದನ್ನು ಒಂದಾಗಿಸಿತ್ತು.

ಶೆಡ್ ಕಷ್ಟದ್ದು. 12 ಕಾರು ಜಾಗ ಕಳೆದುಕೊಳ್ಳುತ್ತವೆ. ನೆಲಮಟ್ಟದ ಪಾರ್ಕಿಂಗಿನಲ್ಲಿ ಗೆರೆಗಳನ್ನು ಹೊಸದಾಗಿ ಬರೆದು 7 ಕಾರಿಗೆ ಜಾಗ ಹೊಂದಿಸಿದೆವು. ಉಳಿದ 5 ಕಾರುಗಳ ತೊಂದರೆ ಆ ಐದು ಮನೆಯವರ ಮೇಲೇ ಬೀಳಬಾರದು ಅಂತ, ಮೂರು ತಿಂಗಳಿಗೊಮ್ಮೆ ಸರದಿ ಪ್ರಕಾರ ಐದು ಮನೆಯವರು ಹೊರಗೆ ನಿಲ್ಲಿಸುವುದು ಅಂತಾಯಿತು. ಇದರ ಬಗ್ಗೆ ಈಗಲೂ ಅಸಮಾಧಾನ ಇದೆ. ಶೆಡ್ ಬಿಚ್ಚಿದ ದಿನ ಅಗ್ನಿಶಾಮಕ ಠಾಣೆಯವರನ್ನು ಕೇಳಿಕೊಂಡೆವು. ವಾಹನ ತಂದು ಒಂದು ಸುತ್ತು ಹಾಕಿದರು. ಕಾಲು ಊರಿ ಏಣಿ ಎತ್ತಿದರು. ಏಣಿ ಏಳನೇ ಮಹಡಿಯ ಬಾಲ್ಕನಿಯ ಹತ್ತಿರ ನಿಂತಾಗ ಅಜ್ಜಿ ಒಳಗಿನಿಂದ ಕಿಂಡಿ ತೆರೆದು ಕೈ ಹೊರಗೆ ಚಾಚಿದರು.

ಫಲ, ಮತ್ತು ನಾನು ಈಗ ಬೇರೆಯಾಗಿ ಮಾಡುವುದು

ಬೆಂಕಿಯಾಗಿ 14 ತಿಂಗಳ ನಂತರ ಲೆಕ್ಕ ಹೀಗಿತ್ತು. 27ರಲ್ಲಿ 2 ಮನೆ ಮೊದಲ ನೋಟಿಸಿಗೇ ತೆಗೆಸಿದವು. 4 ಮನೆ ಬಿರುಕಿನಿಂದಾಗಿ ಪೂರ್ತಿ ತೆಗೆಸಿದವು. 17 ಮನೆ ಒಂದು ಕಣ ತೆರೆದವು. 4 ಮನೆ ಏನೂ ಮಾಡಿಲ್ಲ. ಅದರಲ್ಲಿ ಎರಡು ಬಾಡಿಗೆ ಮನೆ, ಮಾಲೀಕರು ದೂರದಲ್ಲಿದ್ದಾರೆ. ಫೋನಿಗೆ “ಆಗಲಿ ನೋಡೋಣ” ಅನ್ನುತ್ತಾರೆ. ಒಳಗೆ ಮಲಗುವವರು ಬೇರೆ, ತೀರ್ಮಾನ ಮಾಡುವವರು ಬೇರೆ. ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಬೀಗ ಇನ್ನೂ ಇದ್ದಾಗ ನಡೆಸಿದ ಮೊದಲ ಅಣಕು ಕಾರ್ಯಾಚರಣೆಯಲ್ಲಿ ಎಲ್ಲರೂ ಹೊರಗೆ ಬರಲು 19 ನಿಮಿಷ ಹಿಡಿದಿತ್ತು. ಎರಡನೆಯದರಲ್ಲಿ 8 ನಿಮಿಷ.

ಇಂಥ ಕೆಲಸಕ್ಕೆ ಈಗ ಕರೆ ಬಂದರೆ ನಾನು ಮೊದಲ ದಿನವೇ ಬೀಗ, ಕುಂಡ, ಮೆಟ್ಟಿಲಿನಲ್ಲಿಟ್ಟ ಸಾಮಾನು ನೋಡುತ್ತೇನೆ. ಯಾರ ಮನೆಯೊಳಗೂ ಹೋಗದೆ ಸರಿಮಾಡಬಹುದಾದವು ಅವು. ಮನೆಯೊಳಗಿನದು ಆಮೇಲೆ. ಪ್ರತಿ ಬದಲಾವಣೆಯ ಎದುರಿಗೆ, ಯಾಕೆ ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಆ ಕಾರಣಕ್ಕೆ ಬೇರೆ ಉತ್ತರ ಕೊಡದೆ ತೆಗೆಸಿದ್ದು ಒಂದು ವರ್ಷದಲ್ಲಿ ವಾಪಸ್ ಬರುತ್ತದೆ.

ಇದಕ್ಕೆ ಸಾಕ್ಷಿ ಎರಡನೇ ಅಣಕು ಕಾರ್ಯಾಚರಣೆಯ ದಿನವೇ ಸಿಕ್ಕಿತು. ಆರನೇ ಮಹಡಿಯಲ್ಲಿ ಮೆಟ್ಟಿಲಿನ ಬಾಗಿಲಿಗೆ ಮತ್ತೆ ಕುಂಡ ಒತ್ತಿಟ್ಟಿದ್ದರು. ಯಾರಿಟ್ಟರು ಅಂತ ಹುಡುಕಲಿಲ್ಲ, ಯಾಕೆ ಅಂತ ಕೇಳಿದೆ. ಬಾಗಿಲು ಮುಚ್ಚಿದರೆ ಕಾರಿಡಾರಿನಲ್ಲಿ ಗಾಳಿಯೇ ಇಲ್ಲ ಅಂದರು. ಹೋಗಿ ನೋಡಿದೆ. ಕಾರಿಡಾರಿನ ತುದಿಗೆ ಕಿಟಕಿ ಇತ್ತು. ಬಣ್ಣ ಬಳಿಯುವಾಗ ಚೌಕಟ್ಟಿಗೆ ಅಂಟಿ, ತಿರುಗಣೆ ತುಕ್ಕು ಹಿಡಿದು, ಎಷ್ಟೋ ವರ್ಷದಿಂದ ಯಾರೂ ತೆರೆದಿರಲಿಲ್ಲ. ಒಂಬತ್ತೂ ಮಹಡಿಯಲ್ಲಿ ಹಾಗೇ. ಆ ಕಿಟಕಿಗಳನ್ನು ಬಿಡಿಸುವ ಕೆಲಸ ಈಗ ನಡೆಯುತ್ತಿದೆ. ಕಳೆದ ವಾರದ ತನಕ ಐದು ಮುಗಿದಿವೆ.